ಕಾರ್ಟಿನಲ್ಲಿ ಮೊಣಕಾಲು ಪಟ್ಟಿ ಇಟ್ಟವರಿಗೆ

ಆದೋನಿ,
20 ಡಿಸೆಂಬರ್ 2025, ಶನಿವಾರ

ಪ್ರೀತಿಯ ಅಮೂಲ್ಯಾ,

ಈ ಕಾಗದ ಬಿಚ್ಚಿದವಳು ನೀನೇ ಆಗಿದ್ದರೆ ನಿನ್ನ ಅಪ್ಪನ ಆಶೀರ್ವಾದ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ಮಡಚಿಡಿ. ಮುಂದೆ ಓದಿದರೆ ನಿಮಗೇನೂ ದಕ್ಕುವುದಿಲ್ಲ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯುವಷ್ಟು ದಡ್ಡ ಈ ಮರಿಬಸಪ್ಪ ಅಲ್ಲ. ಹೇಗಿದ್ದೀಯವ್ವಾ? ಅಳಿಯ ಸೋಮೇಶ್ ಹೇಗಿದ್ದಾನೆ? ಚಳಿ ಶುರುವಾಯಿತೆಂದರೆ ನಿನಗೆ ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡುತ್ತಿದ್ದೆ, ಈಗಲೂ ಹಾಗೇ ಇದೆಯೋ ಹೇಗೆ? ನಿನ್ನ ಅವ್ವನಿಗೆ ಬೆನ್ನುನೋವು, ಅದು ಬಿಟ್ಟರೆ ಗಟ್ಟಿಯಾಗಿದ್ದಾಳೆ, ಬೈಯುವ ದನಿಯಂತೂ ಎದುರು ಬೀದಿಗೂ ಕೇಳುತ್ತದೆ. ನನ್ನ ಮೊಣಕಾಲಿನ ಸಮಾಚಾರ ನಾನು ಬರೆಯುವುದಿಲ್ಲ. ಅದು ನಿನಗೆ ಆಗಲೇ ಗೊತ್ತಿದೆ ಎಂಬ ಅನುಮಾನದಿಂದಲೇ ಈ ಕಾಗದ ಬರೆಯುತ್ತಿರುವುದು.

ಮೂರು ವರ್ಷ ಸುಮ್ಮನಿದ್ದ ಅಪ್ಪ ಈಗ ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದ ಎಂದು ಕೇಳಬೇಡ. ಫೋನಿನಲ್ಲಿ ಮಾತಾಡುವವರನ್ನು ನಾನು ನಂಬುವುದಿಲ್ಲ. ಈಗ ದನಿಯನ್ನೂ ಕದಿಯುತ್ತಾರಂತೆ. ಆದ್ದರಿಂದ ಸಹಿ ಮಾಡಿ ತೆಗೆದುಕೊಳ್ಳುವ ಹಾಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಸಹಿ ನನಗೆ ಗೊತ್ತು, ‘ಅ’ ಅಕ್ಷರದ ಬಾಲವನ್ನು ಹೆಸರಿನ ತುದಿಯವರೆಗೆ ಎಳೆಯುತ್ತೀಯ. ಆ ಬಾಲ ಇರದಿದ್ದರೆ ನಾನು ಪೋಲೀಸ್ ಠಾಣೆಗೆ ಹೋಗುವವನೇ.

ಆದದ್ದು ಇಷ್ಟು. ಹೋದ ವಾರ ಎದುರು ಮನೆಯ ಹೂವಮ್ಮನ ಶಾಪಿಂಗ್ ಅಕೌಂಟಿನೊಳಗೆ ಯಾರೋ ಹೊಕ್ಕು, ಆಕೆಯ ಹೆಸರಿನಲ್ಲಿ ಎರಡು ವಾಚು ತರಿಸಿ ಎಲ್ಲಿಗೋ ಕಳಿಸಿಕೊಂಡರು. ಪಾಪ, ಮುದುಕಿ ಗೋಡೆ ಗಡಿಯಾರವನ್ನೇ ಸರಿಯಾಗಿ ನೋಡಲಾರಳು, ಆಕೆಗೆ ವಾಚು! ನಿನ್ನ ತಮ್ಮ ವಾಗೀಶನಿಗೆ ಹೆದರಿಕೆ ಹತ್ತಿತು. ಭಾನುವಾರ ನನ್ನ ಫೋನ್ ಕಸಿದುಕೊಂಡು, “ಅಪ್ಪಾ, ನಿಮ್ಮ ಅಕೌಂಟು ಯಾರ್ಯಾರ ಫೋನಿನಾಗ ತೆರದೈತಿ ನೋಡೂಣು ತಡೀರಿ” ಎಂದು ಒತ್ತುತ್ತಾ ಹೋದ. ಎರಡು ಫೋನುಗಳ ಹೆಸರು ಬಂದವು. ಒಂದು ನನ್ನದು. ಇನ್ನೊಂದು ಯಾರದೋ. ಕಾರ್ಟು ತೆರೆದರೆ ಅಲ್ಲಿ ನಾನು ಹಾಕದೇ ಇರುವ ಸಾಮಾನು: ಮೊಣಕಾಲಿಗೆ ಕಟ್ಟುವ ಪಟ್ಟಿ ಒಂದು, ಮಂಕಿಕ್ಯಾಪ್ ಒಂದು. ಆರ್ಡರ್ ಮಾಡಿರಲಿಲ್ಲ, ಸುಮ್ಮನೆ ತಂದು ಇಟ್ಟಿದ್ದರು.

ನಾನು ಯಾರನ್ನೂ ಬಿಡಲಿಲ್ಲ. ಪಾರ್ಸಲ್ ತರುವ ಆಂಜಿಯನ್ನು ಕಟ್ಟೆಯ ಮೇಲೆ ಕೂಡಿಸಿ ಅರ್ಧ ತಾಸು ವಿಚಾರಣೆ ಮಾಡಿದೆ. “ನೇನು ಪಾರ್ಸಲ್ ಇಚ್ಚೇವಾಡ್ನಿ ಸಾರ್, ಕೊಟ್ಟು ಹೋಗಾಂವ ಅಷ್ಟ, ಒಳಗ ಏನೈತಂತ ನನಗ ಹ್ಯಾಂಗ ಗೊತ್ತು” ಎಂದು ಅಳುವ ಹಾಗೆ ಮಾಡಿದ. ಆಮೇಲೆ ನಮ್ಮ ಹತ್ತಿ ಅಂಗಡಿಯ ತೂಕದ ಕೆಂಚಣ್ಣನ ಮೇಲೆ ಕಣ್ಣಿಟ್ಟೆ, ನನ್ನ ಫೋನ್ ಚಾರ್ಜಿಗೆ ಹಾಕುವವನು ಅವನೇ. ಮೂವತ್ತು ವರ್ಷದಿಂದ ಹತ್ತಿ ಅಂಡಿಗೆ ತೂಗುತ್ತಿರುವವನು ಎರಡು ದಿನ ನನ್ನ ಕೂಡ ಮಾತು ಬಿಟ್ಟ. ನಿನ್ನ ಅವ್ವನನ್ನೂ ಕೇಳಿಯೇಬಿಟ್ಟೆ. ಕೊಟ್ರಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. “ಕಳ್ಳಗ ನಿಮ್ಮ ಮೊಣಕಾಲಿನ ಚಿಂತಿ ಯಾಕ್ರಿ?” ಎಂದು ಕೇಳಿ ಮತ್ತೆ ರೊಟ್ಟಿಗೆ ತಿರುಗಿದಳು.

ವಾಗೀಶ್ ಆವತ್ತೇ ಎಲ್ಲ ಫೋನುಗಳಿಂದ ಹೊರಗೆ ಹಾಕಿ ಪಾಸ್‌ವರ್ಡ್ ಬದಲಿಸಲು ಹೊರಟಿದ್ದ. ನಾನೇ ತಡೆದೆ. ಕಾರ್ಡು ಅದರಲ್ಲಿಲ್ಲ, ಸಾಮಾನು ಬಂದಮೇಲೆ ಕಾಸು ಕೊಡುವ ರೀತಿ ಇಟ್ಟುಕೊಂಡಿದ್ದೇನೆ, ಹೋಗುವುದೇನೂ ಇಲ್ಲ, ಮೊದಲು ಕಳ್ಳ ಯಾರೆಂದು ತಿಳಿಯಲಿ ಎಂದೆ. ಮೊಣಕಾಲು ಪಟ್ಟಿಯನ್ನು ಕಾರ್ಟಿನಿಂದ ತೆಗೆದು ಹಾಕಿದೆ. ಸೋಮವಾರ ಬೆಳಿಗ್ಗೆ ನೋಡಿದರೆ ಎರಡು ಪಟ್ಟಿಗಳು! ಎರಡೂ ಕಾಲಿಗೆ! ಅದನ್ನೂ ತೆಗೆದೆ. ಮಂಗಳವಾರ ಮತ್ತೆ ಎರಡು, ಜೊತೆಗೆ ಸೋಡಿಯಂ ಕಡಿಮೆ ಇರುವ ಉಪ್ಪಿನ ಪೊಟ್ಟಣ. ಹೋದ ತಿಂಗಳು ನಾನು ಬಿಪಿ ನೋಡುವ ಮಿಷನ್ ತರಿಸಿದ್ದು, ಅದಕ್ಕೂ ಮೊದಲು ನೋವಿನ ಎಣ್ಣೆ ತರಿಸಿದ್ದು, ಊರುಗೋಲು ತರಿಸಿದ್ದು, ಎಲ್ಲ ಅದರಲ್ಲಿ ದಾಖಲೆ ಇರುತ್ತದಲ್ಲ. ಯಾರೋ ಕೂತು ಓದಿದ್ದಾರೆ. ನಾನು ಉಂಡದ್ದು, ಉಟ್ಟದ್ದು, ನೊಂದದ್ದು ಎಲ್ಲ ಓದಿದ್ದಾರೆ. ನನಗೆ ಮೈ ಉರಿದುಹೋಯಿತು.

ಬುಧವಾರ ನಾನು ಒಂದು ಉಪಾಯ ಮಾಡಿದೆ. ಬೋನಿಗೆ ರೊಟ್ಟಿ ತುಣುಕು ಕಟ್ಟುವ ಹಾಗೆ, ಎರಡು ಕಿಲೋ ತುಪ್ಪದ ಮೈಸೂರುಪಾಕು ಕಾರ್ಟಿಗೆ ಹಾಕಿ ಮಲಗಿದೆ. ಕಳ್ಳನಾದರೆ ಅದನ್ನು ಮುಟ್ಟುವ ಗರಜು ಏನು? ಗುರುವಾರ ಬೆಳಿಗ್ಗೆ ಮೈಸೂರುಪಾಕು ಮಾಯ. ಅದರ ಜಾಗದಲ್ಲಿ ನವಣೆ ಅಕ್ಕಿ. ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ ಆಯಿತು, ಅಕೌಂಟಿನಲ್ಲಿ ಅದು ಎಲ್ಲೂ ಬರೆದಿಲ್ಲ, ಮಾತ್ರೆ ನಾನು ಮೆಡಿಕಲ್ ಶಾಪಿನಲ್ಲಿ ತರುತ್ತೇನೆ. ಫೋನ್ ಹಿಡಿದುಕೊಂಡು ಅಲ್ಲೇ ಕುರ್ಚಿಯ ಮೇಲೆ ಕುಳಿತೆ. ಚಹಾ ಆರಿ ಹೋಯಿತು.

ಅಕೌಂಟಿನಲ್ಲಿ ಉಳಿಸಿದ ವಿಳಾಸಗಳೆಂದು ಒಂದು ಪಟ್ಟಿ ಇರುತ್ತದಂತೆ, ವಾಗೀಶ್ ತೋರಿಸಿದ. ನಮ್ಮ ಮನೆಯ ವಿಳಾಸದ ಕೆಳಗೆ ಇನ್ನೊಂದು: ನಾಗಲದಿನ್ನೆ, ಹೊಳೆಗೆ ಹೋಗುವ ದಾರಿ, ರೇಷನ್ ಅಂಗಡಿಯ ಹಿಂದಿನ ಮನೆ. ಹೆಸರಿನ ಜಾಗದಲ್ಲಿ ಒಂದೇ ಅಕ್ಷರ, ‘ಅ’. ಸೋಮೇಶನಿಗೆ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕು ನೀವು ರಾಯಚೂರಿಗೆ ಹೋದಿರೆಂದು ಮಾತ್ರ ನನಗೆ ಗೊತ್ತಿತ್ತು. ಎಮ್ಮಿಗನೂರು ದಾಟಿದರೆ ಸಿಗುವ ನಾಗಲದಿನ್ನೆಗೆ ಯಾವಾಗ ಬಂದಿರಿ? ಬಸ್ಸಿನಲ್ಲಿ ಎರಡು ತಾಸಿನ ದಾರಿ. ಇಷ್ಟು ಹತ್ತಿರ ಇದ್ದುಕೊಂಡು ನನ್ನ ಕಾರ್ಟಿನಲ್ಲಿ ಕೈಯಾಡಿಸುತ್ತಿದ್ದೀಯಾ? ನೀನೇ ಎಂದು ನಾನು ಇನ್ನೂ ಹೇಳುತ್ತಿಲ್ಲ. ಈಗಿನ ಕಳ್ಳರು ಬಹಳ ಓದಿದವರು, ಸಕ್ಕರೆ ಕಾಯಿಲೆಯನ್ನೂ ಪತ್ತೆ ಹಚ್ಚಿಯಾರು.

ಹಳೆಯದನ್ನು ಕೆದಕಬಾರದು, ಆದರೂ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಇದೇ ಅಕೌಂಟಿನಿಂದ ದೊಡ್ಡ ಬೆಲೆಯ ಫೋನೊಂದು ಆರ್ಡರ್ ಆಗಿ ಯಾರದೋ ಮನೆ ಸೇರಿತು. ನಿನ್ನ ಫೋನಿನಲ್ಲಿ ಅಕೌಂಟ್ ಮಾಡಿಕೊಟ್ಟವನು ಸೋಮೇಶ್. ಪಾಸ್‌ವರ್ಡ್ ಗೊತ್ತಿದ್ದವನೂ ಅವನೇ. ನಾನು ಯಾರಿಗೂ ಓಟಿಪಿ ಹೇಳಿದವನಲ್ಲ, ಹಾಗಿದ್ದಮೇಲೆ ಇನ್ಯಾರ ಮೇಲೆ ಅನುಮಾನ ಪಡಬೇಕಿತ್ತು? ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಹರಾಜಿಗೆ ಬಂದ ಜನರೆಲ್ಲ ನಿಂತಿದ್ದರು, ಅವರ ಮುಂದೆಯೇ ಅಂದೆ. ಏನಂದೆ ಎಂಬುದು ನಿನಗೆ ಗೊತ್ತು, ಮತ್ತೆ ಬರೆಯಲಾರೆ. ಸೋಮೇಶ್ ಚಪ್ಪಲಿ ಮೆಟ್ಟಿ ಹೊರಟುಹೋದ. ಮಾತಾಡಿದವಳು ನೀನು. “ಅಪ್ಪಾ, ಇವತ್ತು ಅವರ ಮ್ಯಾಲ ಹಾಕಿದಿ. ಖರೇ ಏನಂತ ಗೊತ್ತಾದ ದಿನ ಕರಿ, ಬರ್ತೀವಿ.” ಆವತ್ತು ಕಾರ್ಡು ತೆಗೆಸಿದೆ, ಬ್ಯಾಂಕಿಗೆ ಅರ್ಜಿ ಕೊಟ್ಟೆ. ಪಾಸ್‌ವರ್ಡ್ ಬದಲಿಸಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ನಿನ್ನ ಫೋನಿನಲ್ಲಿ ಆ ಅಕೌಂಟು ಹಾಗೇ ತೆರೆದುಕೊಂಡು ಉಳಿದಿತ್ತೆಂದು ಕಾಣುತ್ತದೆ.

ಗುರುವಾರ ಸಂಜೆ ವಾಗೀಶ್ ನನ್ನ ಮಾತು ಕೇಳಲಿಲ್ಲ. “ಹೂವಮ್ಮನ ಹಂಗ ಬಾಯಿ ಬಾಯಿ ಬಡಕೊಳ್ಳಾಕ ಕಾಯಾಕತ್ತೀರೇನು?” ಎಂದು ನನ್ನನ್ನೇ ಗದರಿಸಿ ಎಲ್ಲ ಫೋನುಗಳಿಂದ ಹೊರಗೆ ಹಾಕಿದ. ಹೊಸ ಪಾಸ್‌ವರ್ಡ್ ಹೇಳಿರಿ, ಹೆಸರು, ಹುಟ್ಟಿದ ದಿನ, ಮನೆದೇವರು ಬೇಡ ಎಂದ. ಅವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ನಾನೇ ಒತ್ತಿದೆ. ಮಗನಾದರೇನು, ಗುಟ್ಟು ಗುಟ್ಟೇ. ಹಿಂದೆ ಯಾರ್ಡಿನಲ್ಲಿ ಹತ್ತಿಯ ದರವನ್ನು ಟವಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಿದ್ದೆವು, ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ನೀನು ಶಾಲೆಯ ರಜೆಗೆ ಅಂಗಡಿಗೆ ಬಂದು, ಅದನ್ನೇ ನೋಡಿ ಕಲಿತು, ನನ್ನ ಟವಲಿನೊಳಗೆ ಕೈ ತೂರಿಸಿ ಬೆರಳು ಅದುಮುತ್ತಿದ್ದೆ. ಎಷ್ಟು ಮಿರ್ಚಿ ಬಜ್ಜಿ ಬೇಕೆಂದು ಅವ್ವನಿಗೆ ತಿಳಿಯದ ಹಾಗೆ ಹೇಳುವ ದಾರಿ ಅದು. ಪ್ರತಿಸಲ ಅದೇ ಸಂಖ್ಯೆ. ಹತ್ತಿ ಗೋದಾಮಿನಲ್ಲಿ ಒಂದು ಕುಂಟು ಬೆಕ್ಕಿತ್ತು, ಅದಕ್ಕೆ ನೀನೊಂದು ಹೆಸರಿಟ್ಟಿದ್ದೆ. ಆ ಹೆಸರನ್ನು ನಾಲ್ಕು ಸಲ ಬರೆದು ಕೊನೆಗೆ ಆ ಸಂಖ್ಯೆ ಸೇರಿಸಿದ್ದೇನೆ. ಕಳ್ಳ ಎಷ್ಟೇ ಓದಿರಲಿ, ಅದನ್ನು ಎಲ್ಲಿಂದ ತಂದಾನು?

ಅಕೌಂಟು ಈಗ ಭದ್ರ. ನಿನ್ನೆ ಬೆಳಿಗ್ಗೆ ನೋಡಿದೆ, ಕಾರ್ಟಿನಲ್ಲಿ ನವಣೆ ಅಕ್ಕಿ ಹಾಗೇ ಇತ್ತು. ಮಧ್ಯಾಹ್ನ ಬೇಕೆಂದೇ ಒಂದು ಕಿಲೋ ಪೇಡಾ ಹಾಕಿದೆ. ಇವತ್ತು ಮೂರು ಸಲ ತೆಗೆದು ನೋಡಿದೆ, ಪೇಡಾ ಹಾಗೇ ಇದೆ. ಯಾರೂ ತೆಗೆದು ಹಾಕಿಲ್ಲ. ನನಗೆ ತಡೆಯಲಾಗಲಿಲ್ಲ ಅಮೂಲ್ಯಾ, ಪೆನ್ನು ಹುಡುಕಿ ಕುಳಿತೆ. ಮೊಣಕಾಲು ಪಟ್ಟಿ ಎರಡನ್ನೂ ತರಿಸಿಕೊಂಡೆ, ಈ ಸಲ ಗುರುವಾರ ರಾತ್ರಿ ನಾನೇ ಆರ್ಡರ್ ಮಾಡಿದ್ದು, ಇವತ್ತು ಬಂದವು. ಬಲಗಾಲಿಗೆ ಸರಿಯಾಗಿದೆ, ಎಡಗಾಲಿಗೆ ತುಸು ಬಿಗಿ. ಆಂಜಿಗೆ ಚಹಾ ಕೊಡಿಸಿ ಸಮಾಧಾನ ಮಾಡಿದ್ದೇನೆ. ಕೆಂಚಣ್ಣನೂ ಮಾತಾಡಿದ.

ಅವ್ವ ನಿಮ್ಮಿಬ್ಬರನ್ನೂ ಕೇಳಿದ್ದಾಳೆ. ವಾಗೀಶನ ನಮಸ್ಕಾರ. ಹೊಳೆಯ ಗಾಳಿ ಕೆಟ್ಟದ್ದು, ತಲೆಗೆ ಏನಾದರೂ ಕಟ್ಟಿಕೊ. ನಿಮ್ಮ ಮನೆ ತಣ್ಣಗಿರಲಿ, ಇಬ್ಬರೂ ನೂರು ಕಾಲ ಬಾಳಿರಿ.

ನಿನ್ನ ಅಪ್ಪ,
ಮರಿಬಸಪ್ಪ

ತಾ.ಕ.: ಕೆಂಚಣ್ಣ ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಪೋಸ್ಟಾಫೀಸಿನ ಕೌಂಟರ್ ಮುಚ್ಚುವ ಹೊತ್ತು. ಪಾಸ್‌ವರ್ಡ್ ಒಂದೇ ಸಾಲದು, ವಾಗೀಶ್ ಎರಡನೇ ಬೀಗವನ್ನೂ ಹಾಕಿದ್ದಾನೆ, ನೀನು ಒಳಗೆ ಬರಬೇಕಾದರೆ ನನ್ನ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ಕೇಳಲು ನೀನು ನನಗೆ ಫೋನ್ ಮಾಡಲೇಬೇಕು. ಮೇಲೆ, ಯಾರಿಗೂ ಓಟಿಪಿ ಹೇಳಿದವನಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಆ ಫೋನ್ ಆರ್ಡರ್ ಆದ ದಿನ ಪಾರ್ಸಲ್ ಆಫೀಸಿನವನೆಂದು ಒಬ್ಬ ಫೋನ್ ಮಾಡಿ “ಸಾವ್ಕಾರ್ರೇ” ಎಂದ, ಆರೂ ಅಂಕಿ ಓದಿಬಿಟ್ಟೆ. ಮೋಸ ಹೋದದ್ದು ಸಂಜೆಗೇ ತಿಳಿಯಿತು. ಸೋಮೇಶನನ್ನು ಯಾರ್ಡಿನಲ್ಲಿ ಬೈದದ್ದು ಮರುದಿನ. ಗೊತ್ತಿದ್ದೇ ಬೈದೆ, ನಾಚಿಕೆಗೆ ಹೆದರಿ. ಖರೇ ಗೊತ್ತಾದ ದಿನ ಕರಿ ಎಂದು ನೀನು ಅಂದಿದ್ದೆ, ಮೂರು ವರ್ಷ ತಡವಾಗಿ ಕರೆಯುತ್ತಿದ್ದೇನೆ. ಫೋನ್ ಮಾಡಿದಾಗ ಅದನ್ನು ಸೋಮೇಶನ ಕೈಗೆ ಕೊಡು. ಓಟಿಪಿಯನ್ನು ನಾನು ಅವನಿಗೇ ಓದಿ ಹೇಳುತ್ತೇನೆ.