ಗುಬ್ಬಿ ಕೆರೆಗೂ ಹೆಬ್ಬಾತು ಬಂದಿವೆ

ಗುಬ್ಬಿ
೨೧-೧೧-೧೯೭೮

ಕುಣಿಗಲ್ಲಿನ ಸದಾಶಿವಯ್ಯನವರಿಗೆ ಪುಟ್ಟಗೌರಮ್ಮನ ಶರಣು ಶರಣಾರ್ಥಿ.

ಕುಣಿಗಲ್ ಕೆರೆಗೆ ಹೆಬ್ಬಾತು ಬಂದಿವೆ ಎಂದು ನಮ್ಮ ಯಜಮಾನರಿಗೆ ನೀವು ಬರೆದ ಕಾರ್ಡು ತಲುಪಿತು. ಅವರು ಶ್ರಾವಣದಲ್ಲಿ ಲಿಂಗೈಕ್ಯರಾದರು. ನಿಮಗೆ ತಿಳಿಸಲು ಕೈ ಬರಲಿಲ್ಲ.

ಪ್ರತಿವರ್ಷ ಅವರು ಇಲ್ಲಿಯ ಕೆರೆ ನೋಡಿಕೊಂಡು ಬಂದೇ ನಿಮಗೆ ಉತ್ತರ ಬರೆಯುತ್ತಿದ್ದರು. ಹಾಗಾಗಿ ನಿನ್ನೆ ಬೆಳಿಗ್ಗೆ ನಾನೇ ಕೆರೆ ಏರಿಗೆ ಹೋದೆ. ಬಂದಿವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಅವರು ಹೇಳುತ್ತಿದ್ದ ಹಾಗೆಯೇ. ಅವರಂತೆ ಎಣಿಸಲು ನನಗೆ ಬರಲಿಲ್ಲ. ಬಹಳ ಇದ್ದವು ಎಂದು ಬರೆದುಕೊಳ್ಳಿ.

ಒಂದು ಕೋರಿಕೆ. ನಿಮ್ಮ ಕಾರ್ಡು ತಂದ ಪೋಸ್ಟ್‌ಮ್ಯಾನ್ ಅಂಜಿನಪ್ಪ ಹಳೆಯ ರೂಢಿಯಂತೆ ಬಾಗಿಲಲ್ಲಿ ನಿಂತು ಅವರ ಹೆಸರು ಹಿಡಿದು ಕೂಗಿಬಿಟ್ಟ. ಆಮೇಲೆ, “ಬಾಯ್ ತಪ್ಪಿ ಬಂದ್ಬುಡ್ತು ಕಣಮ್ಮ” ಎಂದು ತಲೆ ತಗ್ಗಿಸಿದ. “ಇರ್ಲಿ ಬುಡಪ್ಪ” ಎಂದೆ. ಅವರು ಹೋದ ಮೇಲೆ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅಂದೇ ಮೊದಲು.

ಮಕ್ಕಳು ಅಪ್ಪ ಎನ್ನುತ್ತಾರೆ. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಈ ಕಾಗದದಲ್ಲೂ ಬರೆಯಲಾಗಲಿಲ್ಲ. ಮುಂದಿನ ವರ್ಷ ಹೆಬ್ಬಾತು ಬಂದಾಗಲೂ ದಯವಿಟ್ಟು ಕಾರ್ಡನ್ನು ಅವರ ಹೆಸರಿಗೇ ಹಾಕಿ. ಅಂಜಿನಪ್ಪನಿಗೆ ಹೇಳಿಟ್ಟಿದ್ದೇನೆ, ಬೀದಿಯಿಂದಲೇ ಕೂಗುತ್ತಾನೆ.

ಇಂತಿ,
ಪುಟ್ಟಗೌರಮ್ಮ