ಕಸುಬಿನ ಸಾಮಾನು

ಬಸವೇಶ್ವರನಗರ
5-10-2004

ಕಾಂತರಾಜಣ್ಣನವರಿಗೆ ನಮಸ್ಕಾರ.

ಫೋನ್ ಮಾಡಿದರೆ ನಿಮ್ಮ ತಾಯಿ ಮುನಿತಾಯಮ್ಮನವರೇ ಎತ್ತುತ್ತಾರೆ, ಅದಕ್ಕೇ ಈ ಪತ್ರ. ನಿಮ್ಮ ಹೆಗ್ಗನಹಳ್ಳಿಯ ಮನೆ ಬಿಟ್ಟು ಐದು ವರ್ಷವಾಯಿತು. ಈಗ ನನ್ನ ಗಿಟಾರ್ ಕ್ಲಾಸಿಗೆ ನಲವತ್ತು ಮಕ್ಕಳು ಬರುತ್ತಾರೆ. ಅವರ ತಂದೆತಾಯಿ ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ.

ಆಗ ಯಾರೂ ಹಾಗೆ ಅಂದವರಿಲ್ಲ. ಗಿಟಾರ್ ಕಲಿಸುತ್ತೇನೆ ಎಂದರೆ ಬೀದಿಯವರು, “ಅದ್ ಸರಿ, ಕೆಲ್ಸ ಏನ್ ಮಾಡ್ತೀರಾ?” ಎಂದು ಮತ್ತೆ ಕೇಳುತ್ತಿದ್ದರು. ನಿಮ್ಮಲ್ಲಿ ಬಾಡಿಗೆಗಿದ್ದಾಗ ಒಂದು ಆಯುಧಪೂಜೆಯ ದಿನ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ನಿಮ್ಮ ಅಮ್ಮ ತಮ್ಮ ಕುಡುಗೋಲು, ನಿಮ್ಮ ಸ್ಕೂಟರಿನ ಜೊತೆ ನನ್ನ ಗಿಟಾರನ್ನೂ ನಲ್ಲಿಯ ಕೆಳಗೆ ತೊಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದ್ದರು. “ಅವ್ನ ಕಸುಬಿನ ಸಾಮಾನು ಕಣೋ” ಎಂದು ನಿಮಗೆ ಹೇಳುತ್ತಿದ್ದದ್ದು ಗೇಟಿನ ಹತ್ತಿರ ನಿಂತಿದ್ದ ನನಗೆ ಕೇಳಿಸಿತ್ತು.

ನೀರು ಕುಡಿದ ಮರ ಉಬ್ಬಿ, ಆ ಗಿಟಾರ್ ಮತ್ತೆ ನುಡಿಯಲಿಲ್ಲ. ಮೂರು ತಿಂಗಳು ಗೆಳೆಯನ ಗಿಟಾರ್ ತಂದು ಪಾಠ ಮಾಡಿದೆ. “ಈಗ ಚೆನ್ನಾಗ್ ನುಡೀತೈತಾ?” ಎಂದು ಅಮ್ಮ ಕೇಳಿದಾಗ ಹೂಂ ಅಂದುಬಿಟ್ಟೆ. ಈಗ ಅದು ಕ್ಲಾಸಿನ ಗೋಡೆಯ ಮೇಲಿದೆ. ಕುಂಕುಮದ ಕಲೆ ಒರೆಸಿಲ್ಲ.

ಈ ಸಲದ ಆಯುಧಪೂಜೆಗೆ ಅಮ್ಮನನ್ನು ಕರೆದುಕೊಂಡು ಬನ್ನಿ. ಮಕ್ಕಳ ಗಿಟಾರುಗಳಿಗೆ ಅವರೇ ಕುಂಕುಮ ಇಡಬೇಕು. ಅವರಿಗೆ ಈ ಪತ್ರ ಓದಿ ಹೇಳುವಾಗ, ಉಬ್ಬಿದ ಮರದ ವಿಷಯ ಬಿಟ್ಟುಬಿಡಿ. ಗಿಟಾರುಗಳನ್ನೆಲ್ಲ ಶಿವಯೋಗಿ ಬೆಳಿಗ್ಗೆಯೇ ತೊಳೆದಿಟ್ಟಿರುತ್ತಾನೆ ಎಂದು ಮಾತ್ರ ಮರೆಯದೆ ಹೇಳಿ.

ನಿಮ್ಮ ಮಹಡಿ ಮನೆಯಲ್ಲಿದ್ದ,
ಶಿವಯೋಗಿ