ನನ್ನ ಹೊಟ್ಟೆಯಲ್ಲಿ ಅತ್ತಿಗೆಯ ಬೆರಳು

ಮಾರ್ಚ್ 3, ಸೋಮವಾರ

ಮೂರು ಮೀಟಿಂಗ್. ಮೂರರಲ್ಲೂ ಒಂದೇ ರಾಗ — ಹೊಸ ಸ್ಕ್ಯಾನಿಂಗ್ ಮಷಿನ್ನಿನ ಡೆಮೊದಲ್ಲಿ ಚಿತ್ರ ತಡವರಿಸಬಾರದು. ರಾಗ ಎಳೆದವನು ನಮ್ಮ ಟೀಮ್ ಲೀಡ್, ಅವಸರಪ್ಪ. ಹೆಸರು ನಾನಿಟ್ಟದ್ದು. ಈಗ ಅರ್ಧ ಆಫೀಸು ಹಾಗೇ ಕರೆಯುತ್ತದೆ, ಅವನಿಗೂ ಗೊತ್ತು, ಬೇಜಾರೇನಿಲ್ಲ.

ಮಧ್ಯಾಹ್ನ ಕೋಡ್ ತೆರೆದೆ. ಮಷಿನ್ ನಡೆಸುವ ಮೂಲ ಪ್ರೋಗ್ರಾಮ್ ಕರ್ನೆಲ್‌ನಲ್ಲಿ ನಾನು ಬರೆದಿದ್ದ ‘ಕಾಯುವ’ ಸಾಲೇ ಇಲ್ಲ! ಎಲ್ಲರೂ ಕೂತು ಒಪ್ಪಿ ಸೇರಿಸಿದ್ದು. ಅವಸರಪ್ಪ ಒಂದು ಮಾತು ಹೇಳದೆ ಕಿತ್ತು ಹಾಕಿದ್ದಾನೆ. ಕ್ಲಿನಿಕ್‌ಗಳಿಗೆ ಪರೀಕ್ಷೆಗೆಂದು ಕೊಟ್ಟ ಸ್ಕ್ಯಾನಿಂಗ್ ಮಷಿನ್‌ಗಳಲ್ಲೂ ಅದೇ ಓಡುತ್ತಿದೆ, ಒಂದೂವರೆ ತಿಂಗಳಿಂದ.

ನೇರ ಅವನ ಟೇಬಲ್ಲಿಗೆ ಹೋದೆ.

“ಸರ್, ಚಿಪ್ ಉತ್ತರ ಕೊಡೋವರೆಗೂ ಕಾಯ್ಲೇಬೇಕು.”

“ಕಾದ್ರೆ ಚಿತ್ರ ನಿಂತು ನಿಂತು ಬರುತ್ತಮ್ಮ. ಕೊಳ್ಳೋರು ಎದ್ದು ಹೋಗ್ತಾರೆ.”

“ಕಾಯ್ದೆ ಹೋದ್ರೆ ಒಬ್ಬರ ಚಿತ್ರ ಇನ್ನೊಬ್ಬರ ಫೈಲಿಗೆ ಬೀಳುತ್ತೆ.”

“ಬಿದ್ದಿದೆಯಾ? ತೋರ್ಸು.”

ತೋರಿಸಲು ನನ್ನ ಹತ್ತಿರ ಏನಿದೆ, ಮಣ್ಣು. ಲ್ಯಾಬ್‌ನಲ್ಲಿ ಒಮ್ಮೆಯೂ ಆಗಿಲ್ಲ. ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 6, ಗುರುವಾರ

ಅತ್ತಿಗೆಯನ್ನು ಕ್ಲಿನಿಕ್‌ನಿಂದ ಮನೆಗೆ ಕಳಿಸಿದ್ದಾರೆ. ವಿಚಾರಣೆ ಮುಗಿಯುವವರೆಗೂ ಬರಬೇಡಿ ಎಂದು. ಹದಿನಾರು ವರ್ಷದಿಂದ ಅಲ್ಲಿ ಸ್ಕ್ಯಾನ್ ಮಾಡುತ್ತಿರುವವಳು!

ನಡೆದದ್ದಿಷ್ಟು. ಒಬ್ಬ ಬಸ್ ಡ್ರೈವರ್. ಲಿವರ್‌ನಲ್ಲಿ ಕಲೆಯಿದೆ, ಗಡ್ಡೆ ಇರಬಹುದು ಎಂದು ಅತ್ತಿಗೆ ಮಾಡಿದ ಸ್ಕ್ಯಾನ್ ನೋಡಿ ಹೇಳಿದರು. ಆತ ಹೆದರಿ ಬೇರೆ ಎರಡು ಕಡೆ ಹೋಗಿ ನೋಡಿಸಿದ. ಎಲ್ಲೂ ಏನೂ ಇಲ್ಲ. ಬಂದು ಕ್ಲಿನಿಕ್ಕಿನ ಬಾಗಿಲಲ್ಲೇ ಕೂಗಾಡಿದ. ತಿಂಗಳಿಂದ ನಿದ್ದೆ ಮಾಡಿಲ್ಲವಂತೆ ಪಾಪ. ದೊಡ್ಡ ಡಾಕ್ಟರು ಆ ದಿನದ ಫೈಲ್‌ಗಳನ್ನೆಲ್ಲ ತೆಗೆಸಿ ನೋಡಿದರು. ಯಾರ ಚಿತ್ರವೂ ಕಡಿಮೆಯಿಲ್ಲ, ಅದಲು ಬದಲೂ ಆಗಿಲ್ಲ. ಹಾಗಾದರೆ ಅತ್ತಿಗೆ ಹೊಟ್ಟೆಯ ಮೇಲಾಡಿಸುವ ಪ್ರೋಬ್ ಓರೆಯಾಗಿ ಹಿಡಿದು ನೆರಳನ್ನು ಕಲೆ ಮಾಡಿದ್ದಾಳೆ. ತೀರ್ಮಾನ ಮುಗಿಯಿತು. ಗೂಬೆ ಕೂರಿಸುವುದಕ್ಕೆ ತಲೆ ಸಿಕ್ಕಿತು.

ಊಟಕ್ಕೆ ಕೂತಾಗ ಅಣ್ಣ ಮೆಲ್ಲಗೆ, “ಆವತ್ತು ಸುಸ್ತಾಗಿತ್ತೇನೋ ನಿಂಗೆ,” ಅಂದ.

ಅತ್ತಿಗೆ ಕೈ ತೊಳೆದು ಎದ್ದು ಹೋದಳು. ನಾನು ಅಣ್ಣನಿಗೆ ಬಾಯಿಗೆ ಬಂದಂತೆ ಅಂದೆ. ಕಟ್ಟಿಕೊಂಡವನೇ ನಂಬದಿದ್ದರೆ ಡಾಕ್ಟರು ಯಾಕೆ ನಂಬುತ್ತಾರೆ?

ಆಮೇಲೆ ಅವಳ ರೂಮಿಗೆ ಹೋದೆ. ಯಾವ ಮಷಿನ್ ಎಂದು ಕೇಳಿದೆ.

“ನಿಮ್ಮದೇ ಕಣೆ. ಹೊಸದು. ನಮ್ಮಲ್ಲಿಗೂ ಒಂದು ಕೊಟ್ಟಿದ್ದಾರಲ್ಲ.”

ಕಾಯುವ ಸಾಲು ಕಿತ್ತ ಅದೇ ಮಷಿನ್! ಕಂಪನಿಯ ಸಂಗತಿ ಹೊರಗೆ ಬಿಡುವುದಿಲ್ಲ ಎಂದು ಸಹಿ ಮಾಡಿ ಕೊಟ್ಟಿದ್ದೇನೆ. ಬಿಟ್ಟರೂ ಕೈಯಲ್ಲಿ ಸಾಕ್ಷಿಯಿಲ್ಲ. ಅವಳ ಪಕ್ಕ ಸುಮ್ಮನೆ ಕೂತಿದ್ದು ಬಂದೆ.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಕ್ಲಿನಿಕ್ಕಿನ ದೂರು ಅವಸರಪ್ಪನ ಮೇಜಿಗೂ ಬಂದಿದೆ. ‘ಮಷಿನ್ ಸರಿಯಿದೆ, ಆಪರೇಟರ್ ಕೈತಪ್ಪು’ ಎಂದು ಅರ್ಧ ಪುಟ ಬರೆದುಕೊಡಬೇಕಂತೆ. ಯಾರು? ನಾನು!

ಬರೆಯಲ್ಲ ಎಂದೆ. “ಹಾಗಾದ್ರೆ ತೋರ್ಸು” — ಮತ್ತೆ ಅದೇ. ಹಲ್ಲು ಕಿರಿದುಕೊಂಡು. ತೋರಿಸುತ್ತೇನೆ ತಡಿ.

ಮಾರ್ಚ್ 11, ಮಂಗಳವಾರ

ಸಿಕ್ಕಿತು!! ನಾಲ್ಕು ದಿನ ತಲೆ ಚಚ್ಚಿಕೊಂಡೆ. ಸಾವಿರ ಸಲ ಓಡಿಸಿದರೂ ಏನೂ ಆಗಲಿಲ್ಲ. ಇವತ್ತು ಬೆಳಗ್ಗೆ ಕಾಫಿ ಕುಡಿಯುತ್ತಾ ಅತ್ತಿಗೆಯನ್ನು ಕೇಳಿದೆ — ಒಬ್ಬರ ಸ್ಕ್ಯಾನ್ ಮುಗಿದ ಮೇಲೆ ಏನು ಮಾಡ್ತೀಯ?

“ಏನ್ ಮಾಡ್ತೀನಿ? ಪ್ರೋಬ್ ತೆಗೀತಿದ್ದ ಹಾಗೇ ಎಡಗೈಲಿ ಫೈಲ್ ಮುಚ್ತೀನಿ, ಮುಂದಿನವರ ಫೈಲ್ ತೆಗೀತೀನಿ. ಹೊರಗಡೆ ಜನ ಕಾಯ್ತಿರ್ತಾರೆ, ನಿಮ್ಮ ಹಾಗೆ ಎಸಿಯಲ್ಲಿ ಕೂತಿರೋಕಾಗುತ್ತಾ?”

ಅಷ್ಟೇ! ಲ್ಯಾಬ್‌ನಲ್ಲಿ ನಾವು ಪ್ರತಿ ಫೈಲನ್ನೂ ಆರಾಮವಾಗಿ ಮುಚ್ಚುತ್ತೇವೆ. ಅವಳ ಕೈಯ ವೇಗಕ್ಕೆ ಟೆಸ್ಟ್ ಬರೆದೆ. ಮಧ್ಯಾಹ್ನ ಮೂರೂವರೆಗೆ ಮೊದಲನೆಯ ಫೈಲಿನ ಗುರುತು ಎರಡನೆಯದರಲ್ಲಿ ಕಾಣಿಸಿತು.

ಸಂಜೆ ಅಣ್ಣನನ್ನು ಎದುರಿಗೆ ಕೂರಿಸಿಕೊಂಡೆ. ಸಹಿಯೂ ಬೇಡ ಗಿಹಿಯೂ ಬೇಡ.

“ಕೇಳು. ಮಷಿನ್ ಒಳಗೆ ಎರಡು ಮಿದುಳು. ಒಂದು ಪ್ರೊಸೆಸರ್, ಇನ್ನೊಂದು ಚಿತ್ರ ಮಾಡೋ ಚಿಪ್. ಇಬ್ಬರಿಗೂ ಮೆಮೊರಿ ಒಂದೇ, ವಿಳಾಸಗಳೂ ಒಂದೇ. ಚಿಪ್ಪು ಬೇಗ ಸಿಗಲಿ ಅಂತ ವಿಳಾಸದ ನಕಲು ತನ್ನ ಜೇಬಲ್ಲಿ ಇಟ್ಕೊಂಡಿರುತ್ತೆ.”

“ಸರಿ.”

“ಪ್ರೋಬ್ ತೆಗೆದ ಮೇಲೂ ಒಂದು ಗಳಿಗೆ ಚಿಪ್ಪು ಕೆಲಸ ಮಾಡ್ತಿರುತ್ತೆ. ಮಸುಕಾಗಿರೋದನ್ನ ತಿದ್ದಿ, ಡಾಕ್ಟರು ನೋಡೋ ಚಿತ್ರ ಮಾಡುತ್ತೆ. ಅಷ್ಟರಲ್ಲಿ ಫೈಲ್ ಮುಚ್ಚಿದ್ರೆ ಆ ಜಾಗ ಮುಂದಿನವರಿಗೆ ಹೋಗುತ್ತೆ. ಕೊಡೋಕೆ ಮುಂಚೆ ಕರ್ನೆಲ್ಲು ಚಿಪ್ಪಿಗೆ ‘ಹಳೇ ವಿಳಾಸ ಹರಿದು ಹಾಕು’ ಅಂತ ಹೇಳ್ಬೇಕು, ‘ಹರಿದೆ’ ಅನ್ನೋವರೆಗೂ ಕಾಯ್ಬೇಕು.”

“ನಿಮ್ಮ ಅವಸರಪ್ಪ ಆ ಕಾಯೋದನ್ನೇ ತೆಗೆದ.”

“ತೆಗೆದ. ಚಿಪ್ಪು ಹಳೇ ವಿಳಾಸಕ್ಕೇ ಬರೀತು. ಅಲ್ಲಾಗ್ಲೇ ಡ್ರೈವರ್ ಫೈಲ್ ಇತ್ತು.”

ಅಣ್ಣ ಎದ್ದು ಅಡುಗೆಮನೆಗೆ ಹೋದ. ಅತ್ತಿಗೆಗೆ ಏನು ಹೇಳಿದನೋ ಕೇಳಿಸಲಿಲ್ಲ. ಪಾತ್ರೆಯ ಸದ್ದು ಮಾತ್ರ ನಿಂತಿತು.

ಮಾರ್ಚ್ 13, ಗುರುವಾರ

ಅವಸರಪ್ಪನಿಗೆ ತೋರಿಸಿದೆ. ನೋಡಿದ. ಮತ್ತೊಮ್ಮೆ ಓಡಿಸು ಎಂದ, ಓಡಿಸಿದೆ.

“ಭೇಷ್. ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸಿಬಿಡೋಣ. ಸದ್ದಿಲ್ದೆ.”

“ಆ ಕ್ಲಿನಿಕ್‌ಗೆ?”

“ಆಪರೇಟರ್ ತಪ್ಪು ಅಂತಾನೇ ಇರ್ಲಿ ಬಿಡಮ್ಮ. ಆಯಮ್ಮನಿಗೆ ಬೇರೆ ಕಡೆ ಕೆಲಸ ಸಿಗುತ್ತೆ.”

“ಆಯಮ್ಮ ನಮ್ಮತ್ತಿಗೆ.”

ಅವಸರಪ್ಪ ನೀರು ಕುಡಿದು, ನೀನು ಸಹಿ ಮಾಡಿದ್ದೀಯ, ನೆನಪಿರಲಿ ಎಂದ. ಬೆಣ್ಣೆಯಂಥ ದನಿಯಲ್ಲಿ. ಕಪಾಳಕ್ಕೆ ಬಾರಿಸಬೇಕೆನಿಸಿತು. ನಾಳೆಗೆ ರಜೆ ಬರೆದು ಬಂದೆ. ನಾಳೆ ಅತ್ತಿಗೆಯ ವಿಚಾರಣೆ.

ಮಾರ್ಚ್ 14, ಶುಕ್ರವಾರ, ಸಂಜೆ

ಸಂತೋಷವೋ ಕೋಪವೋ ತಿಳಿಯದು.

ದೊಡ್ಡ ಡಾಕ್ಟರು ಮೊದಲು ನನ್ನನ್ನು ಒಳಗೇ ಬಿಡಲಿಲ್ಲ. ಹತ್ತು ನಿಮಿಷ ಕೊಡಿ, ಆಮೇಲೆ ಬೇಕಾದರೆ ಪೊಲೀಸರನ್ನು ಕರೆಯಿರಿ ಎಂದೆ. ಅತ್ತಿಗೆ ಮೊದಲು ತನ್ನ ಎಡಗೈಯನ್ನೇ ಸ್ಕ್ಯಾನ್ ಮಾಡಿಕೊಂಡಳು. ಆ ಫೈಲ್ ಮುಚ್ಚಿದಳು, ನನ್ನ ಹೆಸರಿನದು ತೆರೆದಳು. ನಾನು ಮಲಗಿದ್ದೆ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಚಿತ್ರ ಬಂತು. ಬರೀ ಹೊಟ್ಟೆ. ಮತ್ತೊಮ್ಮೆ. ಮತ್ತೆ ಬರೀ ಹೊಟ್ಟೆ. ಡಾಕ್ಟರು ಗಡಿಯಾರ ನೋಡಿಕೊಂಡರು. “ಇನ್ನೊಂದ್ಸಲ, ಸರ್,” ಅಂದಳು ಅತ್ತಿಗೆ, ಕೈ ನಿಲ್ಲಿಸದೆಯೇ.

ಮೂರನೆಯ ಸಲ ಡಾಕ್ಟರು ಪರದೆಗೆ ಮುಖ ತಾಗುವಷ್ಟು ಬಗ್ಗಿದರು. ನನ್ನ ಲಿವರಿನ ಪಕ್ಕದಲ್ಲಿ ಅತ್ತಿಗೆಯ ಮೂರು ಬೆರಳಿನ ಮೂಳೆಗಳು, ಸಾಲಾಗಿ.

ಡಾಕ್ಟರು ಮಷಿನ್‌ನ ಪ್ಲಗ್ ತಾವೇ ಕಿತ್ತರು. “ಕ್ಷಮಿಸಮ್ಮ, ನಾಳೆಯಿಂದ ಬಾ,” ಅಂದರು. ಮಷಿನ್ ಇರುವ ಉಳಿದ ಕ್ಲಿನಿಕ್‌ಗಳಿಗೂ ಅಲ್ಲಿಂದಲೇ ಫೋನ್ ಮಾಡಿದರು. ಅವಸರಪ್ಪ ಏಳು ಸಲ ಫೋನ್ ಮಾಡಿದ. ಎತ್ತಲಿಲ್ಲ. ಕೆಲಸ ಹೋದರೆ ಹೋಗಲಿ.

ಅಣ್ಣ ಸಿಹಿ ತಂದ. ಅತ್ತಿಗೆಯ ಎದುರು ಮುದ್ದೆಯಾಗಿ ನಿಂತು, ತಪ್ಪಾಯ್ತು ಎಂದ. ನಾನು ಜಂಬದಿಂದ ಕಥೆಯನ್ನು ಮೂರನೆಯ ಸಲ ಹೇಳುತ್ತಿದ್ದೆ. ಅತ್ತಿಗೆ ಸಿಹಿ ಮುಟ್ಟಿರಲಿಲ್ಲ.

“ಆ ಕಲೆ ನೆರಳಲ್ಲ ಅಂತಾಯ್ತು,” ಅಂದಳು.

“ಅಲ್ವೇ ಅಲ್ಲ! ನಿನ್ನ ಕೈ ತಪ್ಪಿಲ್ಲ.”

“ಡ್ರೈವರ್‌ದೂ ಅಲ್ಲ.”

“ಅಲ್ಲ.”

“ಹಾಗಾದ್ರೆ ಅದು ಯಾರ್ದು ಕಣೆ?”

ಮಾರ್ಚ್ 15, ಶನಿವಾರ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಯಾವುದೋ ಬೀದಿ, ಇಕ್ಕಟ್ಟು. ಅತ್ತಿಗೆ ವಿಳಾಸ ಕೇಳಲು ಇಳಿದಿದ್ದಾಳೆ.

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಕ್ಲಿನಿಕ್‌ನಲ್ಲಿದ್ದೆವು. ಆವತ್ತು ಡ್ರೈವರ್‌ಗಿಂತ ಮುಂಚೆ ಸ್ಕ್ಯಾನ್‌ಗೆ ಮಲಗಿದ್ದವಳು ಒಬ್ಬ ಟೈಲರ್. ಅವಳ ಫೈಲಿನ ಕೊನೆಯ ಚಿತ್ರ ತೆಗೆದು ನೋಡಿದೆ. ಕೆಳಗಿನ ಒಂದು ಪಟ್ಟಿಯಷ್ಟು ಭಾಗ ಹಿಂದಿನ ಚಿತ್ರದ್ದೇ, ಹಾಗೇ ಉಳಿದಿದೆ. ತಿದ್ದಿದ ಪಟ್ಟಿ ಅಲ್ಲಿಗೆ ಬಂದೇ ಇಲ್ಲ. ಡ್ರೈವರ್‌ಗೆ ಹೋಗಿದೆ. ಕಲೆಯ ಸಮೇತ.

ಹತ್ತು ದಿನ ನಾನೇನು ಮಾಡಿದೆ? ಬರಬಾರದ ಜಾಗಕ್ಕೆ ಬಂದದ್ದನ್ನೇ ನೋಡಿದೆ. ಬರಬೇಕಿದ್ದ ಜಾಗಕ್ಕೆ ಬಾರದೇ ಹೋದದ್ದನ್ನು ನೋಡಲಿಲ್ಲ. ನಮ್ಮ ಕಸುಬಿನ ಬುದ್ಧಿಯೇ ಅಷ್ಟು, ಕೆಟ್ಟದ್ದು ಸಿಕ್ಕರೆ ಸಾಕು, ಕುಣಿಯುತ್ತೇವೆ. ಅವಸರಪ್ಪನನ್ನು ಬೈದೆ, ಅಣ್ಣನನ್ನು ಬೈದೆ. ಈಗ ಬೈಯಲು ನಾನೊಬ್ಬಳೇ ಉಳಿದಿದ್ದೇನೆ.

ಅತ್ತಿಗೆಗೆ ಆ ಟೈಲರ್ ಚೆನ್ನಾಗಿ ನೆನಪಿದ್ದಾಳೆ. ಮಾತಿನ ಮಲ್ಲಿ. ತಿಂಗಳುಗಳಿಂದ ಹೊಟ್ಟೆ ನೋವು, ತೂಕ ಇಳಿದು ತನ್ನ ರವಿಕೆಯನ್ನೇ ಮತ್ತೆ ಮತ್ತೆ ಬಿಗಿ ಮಾಡಿಕೊಳ್ಳುತ್ತಿದ್ದೇನೆ ಎಂದು ನಗಾಡಿದ್ದಳಂತೆ. ಏನೂ ಇಲ್ಲ ಎಂದು ವರದಿ ಕೊಟ್ಟಾಗ ಅತ್ತಿಗೆಯ ಕೈ ಹಿಡಿದು ಅತ್ತಿದ್ದಳಂತೆ. ಐದು ವಾರವಾಯಿತು. ಫೋನ್ ಎತ್ತುತ್ತಿಲ್ಲ.

ದಾರಿಯಲ್ಲಿ ಅತ್ತಿಗೆ ಒಂದೇ ಮಾತಾಡಿದಳು — “ನಾನ್ ಹೇಳಲ್ಲ. ಮಷಿನ್ ನಿಮ್ಮದು, ನೀನೇ ಹೇಳು.” ನನ್ನ ಮೇಲೆ ಅವಳಿಗೆ ಇಷ್ಟು ಕೋಪ ಯಾವತ್ತೂ ಬಂದಿರಲಿಲ್ಲ.

ಬರುತ್ತಿದ್ದಾಳೆ. ಆ ನೀಲಿ ಬಾಗಿಲು ಎಂದು ಕೈ ತೋರಿಸುತ್ತಿದ್ದಾಳೆ. ಒಳಗಿಂದ ಹೊಲಿಗೆ ಮಷಿನ್‌ನ ಸದ್ದು, ಸದ್ಯ. ಮೊದಲು ನಮಸ್ಕಾರ ಹೇಳಬೇಕು. ‘ಅವತ್ತು ನಿಮಗೆ ಏನೂ ಇಲ್ಲ ಅಂದಿದ್ರಲ್ಲ’ — ಅಲ್ಲಿಂದ ಶುರು ಮಾಡಬೇಕು. ಆಮೇಲೆ